ನಿಮಗಿದು ಗೊತ್ತೇ? ದೊಡ್ಡಗದ್ದವಳ್ಳಿಯ ಕಲ್ಲಿನೊಳಗೆ ನೀರಿದೆ!

ಹಾಸನದಿಂದ ಬೇಲೂರಿಗೆ ಹೊರಟವರಲ್ಲಿ ಹೆಚ್ಚಿನವರು ದೊಡ್ಡಗದ್ದವಳ್ಳಿಯ ತಿರುವಿನಲ್ಲಿ ಗಾಡಿ ನಿಲ್ಲಿಸುವುದೇ ಇಲ್ಲ. ನಷ್ಟ ಅವರದೇ. ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ ಎದ್ದದ್ದು 1113-14ರ ಸುಮಾರಿಗೆ, ಅಂದರೆ ಬೇಲೂರಿನ ಚೆನ್ನಕೇಶವನಿಗಿಂತ ಮೊದಲು. ಕಟ್ಟಿಸಿದವರು ರಾಜರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಒಂದೇ ಗುಡಿಗೆ ನಾಲ್ಕು ಗರ್ಭಗುಡಿ. ಇಷ್ಟನ್ನು ಗೈಡುಗಳೇ ಹೇಳುತ್ತಾರೆ. ಅವರು ಹೇಳದ ಸಂಗತಿಗಳತ್ತ ಹೋಗೋಣ.

✦ ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಅದರಲ್ಲಿರುವ ಟಾಲ್ಕ್ ಎಂಬ ಖನಿಜ ಗಡಸುತನದ ಅಳತೆಪಟ್ಟಿಯಲ್ಲಿ ಕಟ್ಟಕಡೆಯದು. ವಜ್ರಕ್ಕೆ 10 ಅಂಕ, ನಮ್ಮ ಉಗುರಿಗೆ ಎರಡೂವರೆ, ಟಾಲ್ಕಿಗೆ ಬರೀ 1. ಆದ್ದರಿಂದಲೇ ಹೊಯ್ಸಳರ ಕಾಲದ ರೂವಾರಿಗಳಿಗೆ ಕಲ್ಲುಕಂಬವನ್ನು ಮರದ ಕಂಬದಂತೆ ತಿರುಗಣಿಗೆ ಏರಿಸಿ ಕಡೆಯಲು ಸಾಧ್ಯವಾಯಿತು. ನವರಂಗದಲ್ಲಿ ಕಂಬದ ಹತ್ತಿರ ನಿಂತು ಸುತ್ತ ಬೆರಳಾಡಿಸಿ: ಎಲ್ಲೂ ತುಂಡಾಗದೆ ಬಳಸಿ ಬರುವ ಸಮ ಉಂಗುರಗಳು ಸಿಗುತ್ತವೆ. ಬರೀ ಉಳಿ ಸುತ್ತಿಗೆಯಿಂದ ಬರುವ ಕೆಲಸವಲ್ಲ ಅದು.

ಈಗ ನೀರಿನ ಮಾತು. ಟಾಲ್ಕಿನ ತೂಕದಲ್ಲಿ ಸುಮಾರು ನೂರಕ್ಕೆ ನಾಲ್ಕೂಮುಕ್ಕಾಲು ಪಾಲು ನೀರು! ಹಿಂಡಿದರೆ ಬರುವಂಥದ್ದಲ್ಲ, ಹರಳಿನ ರಚನೆಯೊಳಗೇ ಸೇರಿಹೋಗಿರುವಂಥದ್ದು. ಕುಲುಮೆಯ ಬಿಸಿಗೆ ಇಟ್ಟರಷ್ಟೇ ಬಿಟ್ಟುಕೊಡುತ್ತದೆ.

✦ ಕಲ್ಲಿಗೆ ನೀರು ಎಲ್ಲಿಂದ ಬಂತು? ಭೂಮಿಯ ಆಳದಿಂದ ಉಕ್ಕಿದ, ಮೆಗ್ನೀಸಿಯಂ ತುಂಬಿದ ಶಿಲಾರಸ ಗಟ್ಟಿಯಾದ ಮೇಲೆ ಬಿಸಿನೀರಿನೊಡನೆ ಬೆರೆತು ರೂಪ ಬದಲಿಸಿದಾಗ ಬಳಪದ ಕಲ್ಲು ಹುಟ್ಟುತ್ತದೆ. ಅಂಥ ಹಳೆಯ ಲಾವಾಕ್ಕೆ ಕೊಮಟಿಯೈಟ್ ಎಂದು ಹೆಸರು. ದಕ್ಷಿಣ ಆಫ್ರಿಕದ ಕೊಮಾಟಿ ನದಿಯಿಂದ ಬಂದದ್ದು. ಇಂದಿನ ಜ್ವಾಲಾಮುಖಿಗಳ ಲಾವಾ ಸುಮಾರು 1200 ಡಿಗ್ರಿ ಬಿಸಿಯಿದ್ದರೆ, ಇದು 1600 ಡಿಗ್ರಿಯ ಆಸುಪಾಸಿನದು. ಭೂಮಿ ತಣ್ಣಗಾಗಿರುವುದರಿಂದ ಅಷ್ಟು ಬಿಸಿಯ ಲಾವಾ ಈಗ ಎಲ್ಲೂ ಹೊರಬರುತ್ತಿಲ್ಲ. ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯೂ ಸೇರಿದಂತೆ ಕರ್ನಾಟಕದ ಕೆಲವು ಜಾಗಗಳ ಕೊಮಟಿಯೈಟ್ ಪರೀಕ್ಷಿಸಿದ ಭೂವಿಜ್ಞಾನಿ ಎಂ. ಜಯಾನಂದ ಮತ್ತು ಸಂಗಡಿಗರು 2008ರಲ್ಲಿ ಅದಕ್ಕೆ ಕಟ್ಟಿದ ವಯಸ್ಸು 335 ಕೋಟಿ ವರ್ಷ. ಡೈನೋಸಾರುಗಳು ಅಳಿದು ಇನ್ನೂ ಏಳು ಕೋಟಿ ವರ್ಷ ಕೂಡ ಆಗಿಲ್ಲ.

✦ ಹೊಳೆನರಸೀಪುರದ ಹೆಸರು ನಮ್ಮಲ್ಲಿ ರಾಜಕೀಯಕ್ಕೆ ಪ್ರಸಿದ್ಧ. ಭೂವಿಜ್ಞಾನಿಗಳಿಗೆ ಅದು ಧಾರವಾಡ ಶಿಲಾವಲಯದ ಅತಿ ಹಳೆಯ ಶಿಲಾಪಟ್ಟಿಗಳಲ್ಲೊಂದರ ಹೆಸರು.

✦ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯೂ ಅದೇ ಕುಲದ್ದು. ಅಲ್ಲಿನ ಬೈರಾಪುರದಲ್ಲಿ ತೆಗೆಯುತ್ತಿದ್ದ ಕ್ರೋಮೈಟ್ ಅದಿರಿನಿಂದ ಸಿಗುವುದು ಕ್ರೋಮಿಯಂ. ಅದಿಲ್ಲದಿದ್ದರೆ ಮನೆಯ ಸ್ಟೀಲ್ ಲೋಟ ತುಕ್ಕು ಹಿಡಿಯುತ್ತಿತ್ತು.

✦ ಇಷ್ಟು ಹಳೆಯ ನೆಲ ಅಲುಗಾಡುವುದಿಲ್ಲ ಅಂದುಕೊಂಡಿರಾ? 2022ರ ಜೂನ್ 23ರ ನಸುಕಿನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಮಲುಗನಹಳ್ಳಿ ಬಳಿ ಕೇಂದ್ರವಿದ್ದ 3.4 ತೀವ್ರತೆಯ ಕಂಪನ ಜನರನ್ನು ಎಬ್ಬಿಸಿ ಕೂರಿಸಿತು. ಭಾರತದ ಭೂಫಲಕ ಉತ್ತರಕ್ಕೆ ಏಷ್ಯಾವನ್ನು ತಳ್ಳುತ್ತಲೇ ಇದೆ. ಆ ಒತ್ತಡ ಇಲ್ಲಿನ ಹಳೆಯ ಬಿರುಕುಗಳಿಗೂ ತಟ್ಟುತ್ತದೆ.

✦ ಆ ಬಿರುಕುಗಳೇ ರೈತರ ಭಾಗ್ಯರೇಖೆ. ಇಲ್ಲಿನ ನೆಲದಡಿಯ ನೈಸ್ ಬಂಡೆ ಬಿರುಕಿಲ್ಲದೆ ಇದ್ದರೆ ಅದರಲ್ಲಿ ನೀರು ನಿಲ್ಲುವ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ನೀರಿರುವುದು ಮೇಲಿನ ಕೊಳೆತ ಬಂಡೆಯ ಪದರದಲ್ಲಿ, ಕೆಳಗಿನ ಸೀಳುಗಳಲ್ಲಿ. ಪಕ್ಕದ ಹೊಲದಲ್ಲಿ ಮೂರಿಂಚು ನೀರು ಬಿದ್ದು ನಮ್ಮ ಬೋರಲ್ಲಿ ಬರೀ ಬಿಳಿ ದೂಳು ಹಾರುವುದರ ಗುಟ್ಟು ಇಷ್ಟೇ.

✦ ಶ್ರವಣಬೆಳಗೊಳದ ಬಾಹುಬಲಿಯ ಕಾಲಬಳಿ ಏನಿದೆ, ನೆನಪಿದೆಯೇ? ಹುತ್ತ. ಅದರಿಂದ ಹೊರಬರುವ ಹಾವು. ತೊಡೆ, ತೋಳು ಹಬ್ಬಿದ ಬಳ್ಳಿ. ಸುಮಾರು 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ 57 ಅಡಿಯ ಈ ಮೂರ್ತಿ ಬಳಪದ ಕಲ್ಲಿನದಲ್ಲ, ಬೆಟ್ಟದ ನೆತ್ತಿಯ ಗಟ್ಟಿ ಗ್ರಾನೈಟಿನದು. ಬಳಪದ ಕಲ್ಲಿನ ಮೂರ್ತಿ ಇಷ್ಟೆತ್ತರಕ್ಕೆ ಸಾವಿರ ವರ್ಷ ಮಳೆಬಿಸಿಲಿಗೆ ನಿಂತಿದ್ದರೆ ಮುಖದ ನಗು ಇಷ್ಟು ನುಣುಪಾಗಿ ಉಳಿಯುತ್ತಿತ್ತೆಂದು ನನಗನಿಸುವುದಿಲ್ಲ.

ಹುತ್ತಕ್ಕೆ ಬರೋಣ. ಆರನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಅಂತರ್ಜಲ ಹುಡುಕುವುದಕ್ಕೇ ಒಂದು ಅಧ್ಯಾಯ ಇಟ್ಟಿದ್ದಾನೆ. ಅಲ್ಲಿ ಹೆಜ್ಜೆಹೆಜ್ಜೆಗೂ ಹುತ್ತ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ಮರದ ದಕ್ಷಿಣಕ್ಕೆ ಎರಡಾಳು ಆಳದಲ್ಲಿ ಸಿಹಿನೀರು ಎನ್ನುತ್ತಾನೆ. ಪೂರ್ತಿ ಕಟ್ಟುಕಥೆ ಎಂದು ತಳ್ಳುವಂತಿಲ್ಲ: ಗೆದ್ದಲಿನ ಮೈ ಒಣಗಿದರೆ ಅದು ಸತ್ತಂತೆ, ಮಣ್ಣು ಕಲಸಲೂ ತೇವ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್, ತೇಜಸ್ ಮೂರ್ತಿ ಮತ್ತು ಸಂಗಡಿಗರು ಗೆದ್ದಲಿಗೆ ಬಗೆಬಗೆಯ ಸಾಮಗ್ರಿ ಕೊಟ್ಟು ನೋಡಿದರು. ಒದ್ದೆ ಮಣ್ಣಿಗೆ ತನ್ನ ಜೊಲ್ಲು ಬೆರೆಸಿ ಅದು ಉಂಡೆ ಕಟ್ಟುತ್ತದೆ. ಉಂಡೆಗಳು ಎರಡೇ ಅಳತೆಯವು, ದೊಡ್ಡದು ಮತ್ತು ಚಿಕ್ಕದು. ದೊಡ್ಡವುಗಳ ಸಂದಿಗೆ ಚಿಕ್ಕವು ಕೂತು ಗೋಡೆ ಬಿಗಿಯಾಗುತ್ತದೆ. ನಮ್ಮ ಗಾರೆಯವರು ಜಲ್ಲಿಯ ನಡುವೆ ಮರಳು ತುಂಬುವ ಲೆಕ್ಕವೇ ಇದು. ಅದಿರು ಹುಡುಕುವವರೂ ಹುತ್ತದ ಮಣ್ಣನ್ನು ಪರೀಕ್ಷೆಗೆ ಒಯ್ಯುತ್ತಾರೆ. ಅಗೆಯದೆಯೇ ಕೆಳಗಿನ ಮಣ್ಣು ಕೈಗೆ ಸಿಕ್ಕಂತಾಯಿತಲ್ಲ! ಆದರೆ ವರಾಹಮಿಹಿರನ ಲೆಕ್ಕ ತೆರೆದ ಬಾವಿಯ ಕಾಲದ್ದು. ಹುತ್ತ ನಂಬಿಕೊಂಡು ಎಂಟುನೂರು ಅಡಿ ಬೋರು ಕೊರೆಸಬೇಡಿ.

✦ ಬಿಸಿಲೆಯ ದಾರಿಯ ಮಂಕನಹಳ್ಳಿ ಬಳಿ ಒಂದು ದಿಣ್ಣೆಯಿದೆ. ಒಂದು ಪಕ್ಕಕ್ಕೆ ಬಿದ್ದ ಮಳೆಹನಿ ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಪಕ್ಕದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಆ ಮಳೆಯನ್ನು ಹೊತ್ತು ಬರುವ ಮೋಡಗಳ ಚಿತ್ರ ಟಿವಿಯಲ್ಲಿ ನೋಡುತ್ತೀರಲ್ಲ, ಅದನ್ನು ಕಳಿಸುವ ಇನ್‌ಸ್ಯಾಟ್-3ಡಿಆರ್‌ನಂಥ ಉಪಗ್ರಹಗಳ ಲಗಾಮು ಇರುವುದು ಹಾಸನದಲ್ಲೇ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ.

✦ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಉದ್ದ 4,692 ಮೀಟರ್, ಹಿಡಿಯುವ ನೀರು ಸುಮಾರು 37 ಟಿಎಂಸಿ. ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಇಗರ್ಜಿಯ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಮುಳುಗಿದ ಊರುಗಳ ಜನರಿಗೆ ಬೇರೆಡೆ ಕಾಡು ಕಡಿದು ಜಮೀನು ಕೊಟ್ಟ ಸಂಗತಿ ಮಾತ್ರ ಫೋಟೋದಲ್ಲಿ ಬೀಳುವುದಿಲ್ಲ.

✦ ಆ ಕಾಡಿನಲ್ಲಿ ಆನೆಗಳಿದ್ದವು. ಹಗಲು ಕಾಫಿ ತೋಟದ ನೆರಳು, ರಾತ್ರಿ ಭತ್ತದ ಗದ್ದೆ: ಆಲೂರು, ಸಕಲೇಶಪುರ, ಅರಕಲಗೂಡಿನ ಕಡೆಯ ಆನೆಗಳ ದಿನಚರಿ ಈಗ ಹೀಗೆ. ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದ ಕಾರ್ಯಪಡೆ 2012ರಲ್ಲಿ ಇಲ್ಲಿನವನ್ನು ಹಿಡಿದು ಸಾಗಿಸಲು ಸಲಹೆ ಕೊಟ್ಟಿತು. 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದದ್ದೂ ಆಯಿತು. ಆನೆ ಕಾಟ ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಇಂಥದ್ದೇ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯೊಡನೆ ಸೆಣಸಿ ಸತ್ತ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಮಾಡಿದ್ದು ಹೆಚ್ಚು ಸರಳವಾದ ಕೆಲಸ: ಹಿಂಡು ಎಲ್ಲಿದೆ ಎಂದು ಊರವರ ಮೊಬೈಲಿಗೆ ಮುಂಚೆಯೇ ಸಂದೇಶ ಕಳಿಸುವುದು. ನನಗೆ ಕೇಳಿದರೆ, ಅರಿವಳಿಕೆ ಬಂದೂಕಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ.

✦ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿಪುಷ್ಕರಿಣಿಯ ಬಳಿ ಮೀನು ಹಿಡಿಯುವಂತಿಲ್ಲ. ಮಹಶೀರ್‌ಗಳಿಗೆ ಅಲ್ಲಿ ಅಭಯ, ಮೇಲೆ ಭಕ್ತರ ಪುರಿ. ಇದೇ ಕಾವೇರಿಯ ಗೂನುಬೆನ್ನಿನ ದೈತ್ಯ ಮಹಶೀರ್ ಬ್ರಿಟಿಷರ ಕಾಲದಿಂದ ಗಾಳಗಾರರಿಗೆ ಪರಿಚಿತ. ಆದರೂ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮಹಶೀರ್ ಮಳೆಗಾಲದಲ್ಲಿ ಹೊಳೆಯ ಎದುರು ಈಜಿ, ಜಲ್ಲಿಕಲ್ಲಿನ ತಳ ಹುಡುಕಿ ಮೊಟ್ಟೆಯಿಡುವ ಮೀನು. ದೇವರ ಮಡುವಿನಲ್ಲಿ ಹೊಟ್ಟೆ ತುಂಬಬಹುದು. ಮೇಲಕ್ಕೆ ಹೋಗುವ ದಾರಿಗೆ ಅಣೆಕಟ್ಟು ಅಡ್ಡ ನಿಂತರೆ ಅದನ್ನು ತೆರೆಯುವ ಅಧಿಕಾರ ಪುರಿ ಹಾಕುವವರ ಕೈಯಲ್ಲಿಲ್ಲ, ನೀರಾವರಿ ಇಲಾಖೆಯ ಕೈಯಲ್ಲಿದೆ.