ಅಭಿಮಾನಿಯನ್ನು ಗಿರಾಕಿಯೆಂದು ಎಣಿಸಿದಾಗ
ಮಿಷಿಗನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಪ್ರಕರಣ

ಅಮೆರಿಕದ ಕಾಲೇಜು ಕ್ರೀಡೆಯು ಭಾರತದ ಅಂತರ ಕಾಲೇಜು ಪಂದ್ಯಾವಳಿಯಂತಹುದಲ್ಲ. ಅದೊಂದು ಬೃಹತ್ ಉದ್ಯಮ. ಪಂದ್ಯಗಳ ಟೆಲಿವಿಷನ್ ಹಕ್ಕುಗಳ ಮೇಲೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘಕ್ಕಿದ್ದ ಹಿಡಿತವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲಿ ತೆರವುಗೊಳಿಸಿದ ಮೇಲೆ ಹಣದ ಹೊಳೆಯೇ ಹರಿಯತೊಡಗಿತು. ಮಿಷಿಗನ್ ಸೇರಿದಂತೆ ಹಲವು ವಿಶ್ವವಿದ್ಯಾನಿಲಯಗಳ ಒಕ್ಕೂಟವಾದ 'ಬಿಗ್ ಟೆನ್' 2022ರಲ್ಲಿ ಮಾಡಿಕೊಂಡ ಏಳು ವರ್ಷಗಳ ಪ್ರಸಾರ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗಳನ್ನು ಮೀರಿತು. ಈ ವಹಿವಾಟಿನಲ್ಲಿ ಅಭಿಮಾನಿಯ ಸ್ಥಾನವೇನೆಂಬ ಪ್ರಶ್ನೆಗೆ ಮಿಷಿಗನ್‌ನಲ್ಲಿ 2014ರಲ್ಲಿ ನಡೆದ ಘಟನಾವಳಿ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು.

ಆನ್ ಆರ್ಬರ್ ನಗರದಲ್ಲಿರುವ ಈ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ. 1975ರ ನವೆಂಬರ್‌ನಿಂದ ಅಲ್ಲಿಯವರೆಗೆ ಒಂದು ಪಂದ್ಯಕ್ಕೂ ಪ್ರೇಕ್ಷಕರ ಸಂಖ್ಯೆ ಲಕ್ಷಕ್ಕಿಂತ ಕೆಳಗಿಳಿದಿರಲಿಲ್ಲ. ತಂದೆಯ ಆಸನ ಮಗನಿಗೆ ಎಂಬಂತೆ ಕುಟುಂಬಗಳು ವರ್ಷ ವರ್ಷವೂ ಋತುವಿನ ಟಿಕೆಟ್ ಕೊಳ್ಳುತ್ತಿದ್ದವು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಜಾಹೀರಾತಿಲ್ಲದೆ ಬರುವ ಕಾಯಂ ಗಿರಾಕಿಗಳು.

2010ರಲ್ಲಿ ಕ್ರೀಡಾ ವಿಭಾಗದ ನಿರ್ದೇಶಕರಾಗಿ ಬಂದ ಡೇವ್ ಬ್ರ್ಯಾಂಡನ್ ಅದೇ ವಿಶ್ವವಿದ್ಯಾನಿಲಯದ ಹಳೆಯ ಆಟಗಾರರು. ಡಾಮಿನೋಸ್ ಪಿಜ್ಜಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಅವರ ಕಾಲದಲ್ಲಿ ವಿಭಾಗದ ಆದಾಯ ಏರಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಏರಿಕೆಯ ದಾರಿಯೇ ತೊಡಕಿನದಾಯಿತು. 2013ರಲ್ಲಿ ಬೇಡಿಕೆಗೆ ತಕ್ಕಂತೆ ಏರಿಳಿಯುವ ಟಿಕೆಟ್ ದರವನ್ನು ಜಾರಿಗೆ ತರಲಾಯಿತು. ಹಿರಿಯ ವಿದ್ಯಾರ್ಥಿಗಳಿಗೆ ಉತ್ತಮ ಆಸನವೆಂಬ ಪದ್ಧತಿಯನ್ನು ಕೈಬಿಟ್ಟು, ಮೊದಲು ಬಂದವರಿಗೆ ಮೊದಲ ಆಸನವೆಂಬ ನಿಯಮ ತರಲಾಯಿತು. ವಿರೋಧದಿಂದಾಗಿ ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕ್ರೀಡಾಂಗಣದ ಹೊರಗೆ ಆಹಾರ ಕಂಪನಿಯೊಂದರ ಪ್ರಚಾರಕ್ಕಾಗಿ ಆಳೆತ್ತರವನ್ನೂ ಮೀರಿದ ಮ್ಯಾಕರೋನಿಯ ಆಕೃತಿಯೊಂದನ್ನು ಇಡಲಾಗಿತ್ತು. ಅಭಿಮಾನಿಗಳ ಗದ್ದಲಕ್ಕೆ ಅದೂ ಬೇಗನೆ ಜಾಗ ಖಾಲಿ ಮಾಡಿತು.

ದರ ಏರಿದಂತೆ ವಿದ್ಯಾರ್ಥಿಗಳ ಖರೀದಿ ತೀವ್ರವಾಗಿ ಕುಸಿಯಿತು. ವಿದ್ಯಾರ್ಥಿ ಟಿಕೆಟ್‌ನಿಂದ ಬರುವ ಹಣ ಒಟ್ಟು ಆದಾಯದಲ್ಲಿ ಅಲ್ಪವೇ. ಆದರೆ ಇಂದಿನ ವಿದ್ಯಾರ್ಥಿಯೇ ಮುಂದಿನ ಮೂವತ್ತು ನಲವತ್ತು ವರ್ಷಗಳ ಟಿಕೆಟ್‌ದಾರ ಹಾಗೂ ದಾನಿ. ಒಂದು ವರ್ಷದ ಲೆಕ್ಕಪತ್ರದಲ್ಲಿ ಈ ಬಾಬತ್ತು ಎಲ್ಲಿಯೂ ಕಾಣಿಸದು.

2014ರ ಸೆಪ್ಟೆಂಬರ್‌ನಲ್ಲಿ ಪರಿಸ್ಥಿತಿ ಕೈಮೀರಿತು. ಮಿನೆಸೋಟ ವಿರುದ್ಧದ ಪಂದ್ಯಕ್ಕಾಗಿ, ಎರಡು ಬಾಟಲಿ ಕೋಕ್ ಕೊಂಡವರಿಗೆ ಎರಡು ಟಿಕೆಟ್ ನೀಡುವ ಕೊಡುಗೆ ಪ್ರಕಟವಾಯಿತು. ಲಕ್ಷದ ದಾಖಲೆಯನ್ನು ಉಳಿಸಿಕೊಳ್ಳುವ ಉಪಾಯವಿದು ಎಂದೇ ಬಹುಜನರು ಭಾವಿಸಿದರು. ಟೀಕೆ ಬಂದೊಡನೆ ಕೊಡುಗೆಯನ್ನು ನಿಲ್ಲಿಸಲಾಯಿತಾದರೂ, ಪೂರ್ಣ ಬೆಲೆ ತೆತ್ತು, ಆಸನಕ್ಕಾಗಿ ಪ್ರತ್ಯೇಕ ದೇಣಿಗೆಯನ್ನೂ ಸಲ್ಲಿಸಿದ್ದವರು ತಮ್ಮ ಟಿಕೆಟ್‌ನ ನಿಜವಾದ ಬೆಲೆಯನ್ನು ಅರಿತುಕೊಂಡಿದ್ದರು. ನಿಷ್ಠಾವಂತ ಗಿರಾಕಿಯ ಕಣ್ಣೆದುರಿಗೇ ಅದೇ ಸರಕನ್ನು ದಾರಿಹೋಕನಿಗೆ ಪುಕ್ಕಟೆ ಹಂಚುವುದು ಯಾವ ಪೇಟೆಯಲ್ಲಿಯೂ ಕ್ಷೇಮಕರವಲ್ಲ.

ಸೆಪ್ಟೆಂಬರ್ 27ರ ಅದೇ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೂರಾಡುತ್ತಿದ್ದ ಆಟಗಾರನನ್ನು ಮತ್ತೆ ಕಣಕ್ಕಿಳಿಸಲಾಯಿತು. ಮೂರು ದಿನಗಳ ನಂತರ ವಿದ್ಯಾರ್ಥಿಗಳು ಆವರಣದಲ್ಲಿ ಸಭೆ ಸೇರಿ, ವಿಶ್ವವಿದ್ಯಾನಿಲಯದ ಅಧ್ಯಕ್ಷರ ನಿವಾಸಕ್ಕೆ ಮೆರವಣಿಗೆಯಲ್ಲಿ ತೆರಳಿದರು. ನಿರ್ದೇಶಕರನ್ನು ತೆಗೆಯಬೇಕೆಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಸಹಿಗಳು ಬಿದ್ದವು. ದೂರು ಬರೆದ ಅಭಿಮಾನಿಗಳಿಗೆ ಬೇರೆ ತಂಡವನ್ನು ನೋಡಿಕೊಳ್ಳುವಂತೆ ನಿರ್ದೇಶಕರು ಕಳುಹಿಸಿದರೆನ್ನಲಾದ ಉತ್ತರಗಳು ಅಕ್ಟೋಬರ್ ಕೊನೆಯಲ್ಲಿ ಬಹಿರಂಗವಾದವು. ಅಕ್ಟೋಬರ್ 31ರಂದು ಬ್ರ್ಯಾಂಡನ್ ರಾಜೀನಾಮೆ ನೀಡಿದರು.

ತಂಡ ಸೋಲುತ್ತಿದ್ದುದೂ ಈ ಸಿಟ್ಟಿಗೆ ತುಪ್ಪ ಸುರಿಯಿತೆಂಬುದು ನಿಜ. ಆ ವರ್ಷ ಅದು ಗೆದ್ದದ್ದು ಐದು, ಸೋತದ್ದು ಏಳು ಪಂದ್ಯ. ಗೆಲ್ಲುತ್ತಿದ್ದ ತಂಡವಾಗಿದ್ದರೆ ಅಭಿಮಾನಿಗಳು ಇನ್ನಷ್ಟು ಕಾಲ ಸಹಿಸುತ್ತಿದ್ದರೇನೋ. ಆದರೆ ದೂರು ವ್ಯಾಪಾರಸ್ಥರ ಮೇಲಿರಲಿಲ್ಲ ಎಂಬುದಕ್ಕೆ ಮುಂದಿನ ನೇಮಕವೇ ಸಾಕ್ಷಿ. ಹಂಗಾಮಿ ನಿರ್ದೇಶಕರಾಗಿ ಬಂದ ಜಿಮ್ ಹ್ಯಾಕೆಟ್ ಕೂಡ ಕಚೇರಿ ಪೀಠೋಪಕರಣ ತಯಾರಿಸುವ ಸ್ಟೀಲ್‌ಕೇಸ್ ಕಂಪನಿಯ ಮಾಜಿ ಮುಖ್ಯಸ್ಥರೇ. ವಿದ್ಯಾರ್ಥಿಗಳ ಟಿಕೆಟ್ ದರವನ್ನು 2015ರ ಋತುವಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಲಾಯಿತು.

ಹಣದ ಒತ್ತಡ ಅಲ್ಲಿಗೆ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಯಿತು. 2025-26ನೇ ಸಾಲಿಗೆ ಪ್ರತಿ ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್. ಆಟಗಾರರ ದುಡಿಮೆಗೆ ಇದು ನ್ಯಾಯವಾದರೂ ಆ ಹಣವನ್ನು ಎಲ್ಲಿಂದಲಾದರೂ ತರಬೇಕು. ಅದೇ ವರ್ಷ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹೂಡಿಕೆ ವಿಭಾಗವು ಬಿಗ್ ಟೆನ್ ಒಕ್ಕೂಟದ ವಾಣಿಜ್ಯ ಹಕ್ಕುಗಳಲ್ಲಿ ಪಾಲು ಪಡೆದು ಸುಮಾರು 240 ಕೋಟಿ ಡಾಲರ್ ತೊಡಗಿಸುವ ಪ್ರಸ್ತಾಪ ಮುಂದೆ ಬಂದಿತು. ಮಿಷಿಗನ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳು ಇದಕ್ಕೆ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಪ್ರಸ್ತಾಪವನ್ನು ತಡೆಹಿಡಿಯಲಾಯಿತು.