ಸೌದೆ ಕೊಟ್ಟಿಗೆ ಕತ್ತಲಕೋಣೆಯಾದಾಗ

ಮನೆಯ ಹಳೆಯ ಆಲ್ಬಂ ಒಂದನ್ನು ತೆರೆದು ನೋಡಿ. ಒಂದೇ ಮದುವೆಯಲ್ಲಿ ತೆಗೆದ ಎರಡು ಕಪ್ಪು-ಬಿಳುಪು ಚಿತ್ರಗಳಲ್ಲಿ ಒಂದು ನಿನ್ನೆ ಮುದ್ರಿಸಿದಷ್ಟು ಸ್ವಚ್ಛವಾಗಿರುತ್ತದೆ. ಇನ್ನೊಂದರಲ್ಲಿ ಅಜ್ಜಿಯ ಮುಖ ಹಳದಿ ಕಲೆಯಲ್ಲಿ ಕರಗಿಹೋಗಿರುತ್ತದೆ. ಕ್ಯಾಮೆರಾ ಅದೇ, ತೆಗೆದವರೂ ಅವರೇ. ಹಾಗಾದರೆ ವ್ಯತ್ಯಾಸವಾದದ್ದು ಎಲ್ಲಿ? ಬಹುಪಾಲು ಸಂದರ್ಭಗಳಲ್ಲಿ ಕತ್ತಲಕೋಣೆಯಲ್ಲಿ, ಅದೂ ಕೆಲಸದ ಕೊನೆಯ ಒಂದು ಗಂಟೆಯಲ್ಲಿ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಗಳ ಕತ್ತಲಕೋಣೆಗಳು ಒಂದೊಂದಾಗಿ ಮಾಯವಾದವು. 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನ ಫಿಲ್ಮು, ಕಾಗದಗಳನ್ನು ಒದಗಿಸಿದ್ದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿತು. ಕೊಡಾಕ್ ಕಂಪನಿ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನು 2005ರಲ್ಲಿ ಕೈಬಿಟ್ಟಿತು. ಆದರೆ ನೆಗೆಟಿವ್‌ಗಳು ಬೀರುವಿನಲ್ಲಿ ಉಳಿದಿವೆ. ಪ್ರತಿ ಮಳೆಗಾಲದ ತೇವಕ್ಕೂ ಅವುಗಳಿಗೆ ಬೂಸಲು ಹಿಡಿಯುತ್ತಿದೆ. ಇಲ್ಫೋರ್ಡ್‌ನಂಥ ಕಾಗದ ಇಂದಿಗೂ ಸಿಗುವುದರಿಂದ ಅವನ್ನು ಮನೆಯಲ್ಲೇ ಮುದ್ರಿಸಿಕೊಳ್ಳಲು ಸಾಧ್ಯ. ಅದಕ್ಕೆ ಬೇಕಾದ ಜಾಗ? ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಹಿತ್ತಿಲಲ್ಲಿ ಖಾಲಿ ಬಿದ್ದಿರುವ ಸೌದೆ ಕೊಟ್ಟಿಗೆಯೇ ಸಾಕು.

ಕೊಟ್ಟಿಗೆಯ ಮೊದಲ ಶತ್ರು ಹಂಚಿನ ಸಂದಿ. ಬಿಸಿಲು ನೆತ್ತಿಯ ಮೇಲಿರುವಾಗ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರಬೇಕು. ಮೊದಲು ಏನೂ ಕಾಣದು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಅವನ್ನೆಲ್ಲ ಮುಚ್ಚದೆ ಮುಂದಿನ ಕೆಲಸಕ್ಕೆ ಕೈಹಾಕುವಂತಿಲ್ಲ. ಹಂಚಿನ ಕೆಳಗೆ ಪ್ಲೈವುಡ್ ಒಳಚಾವಣಿ ಹೊಡೆಸಿದರೆ ಬೆಳಕಿನ ಜೊತೆಗೆ ದೂಳೂ ನಿಲ್ಲುತ್ತದೆ. ಬಾಗಿಲಿಗೆ ದಪ್ಪನೆಯ ಕಪ್ಪು ಪರದೆ ಎರಡು ಪದರ ಇರಲಿ. ಗಾಳಿಗೆ ಏನು ಮಾಡುವುದು? ಗಾಳಿ ತಿರುವಿನಲ್ಲಿ ತಿರುಗುತ್ತದೆ, ಬೆಳಕು ತಿರುಗದು. ಆದ್ದರಿಂದ ಒಳಗೆ ಕಪ್ಪು ಬಳಿದು ಎರಡು ಕಡೆ ಬಾಗಿಸಿದ ಕೊಳವೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಬೇಕು.

ಗೋಡೆಗಳೆಲ್ಲ ಕಪ್ಪಾಗಿರಬೇಕೆಂಬುದು ತಪ್ಪು ತಿಳಿವಳಿಕೆ. ಚಿತ್ರವನ್ನು ದೊಡ್ಡದು ಮಾಡುವ ಎನ್‌ಲಾರ್ಜರ್‌ನ ಸುತ್ತ ಮಾತ್ರ ಕಪ್ಪು ಸಾಕು. ಉಳಿದೆಡೆ ಸುಣ್ಣ ಬಳಿದರೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕೋಣೆಯನ್ನು ಎರಡು ಭಾಗ ಮಾಡಿಕೊಳ್ಳುವುದು. ಒಂದು ಗೋಡೆಯ ಬದಿ ಎನ್‌ಲಾರ್ಜರ್, ಕಾಗದ, ನೆಗೆಟಿವ್. ಎದುರು ಬದಿ ನೀರು ಮತ್ತು ರಾಸಾಯನಿಕಗಳ ಟ್ರೇಗಳು. ಒದ್ದೆ ಕೈ ಈಚೆ ಬರಬಾರದು. ವಿದ್ಯುತ್ ಸ್ವಿಚ್ಚುಗಳೂ ಒಣ ಭಾಗದಲ್ಲೇ ಇರಬೇಕು, ಅರ್ಥಿಂಗ್ ಕಡ್ಡಾಯ.

ಮುದ್ರಣದ ಕಾಗದಕ್ಕೆ ಕೆಂಪು ಬೆಳಕು ‘ಕಾಣುವುದಿಲ್ಲ’. ಹಾಗಾಗಿಯೇ ಕೆಂಪು ದೀಪದಲ್ಲಿ ಕೆಲಸ ಮಾಡಬಹುದು. ದೀಪ ಸರಿಯಿದೆಯೇ ಎಂದು ತಿಳಿಯಲು ಒಂದು ನಾಣ್ಯ ಸಾಕು. ಕಾಗದದ ತುಂಡಿನ ಮೇಲೆ ನಾಣ್ಯವಿಟ್ಟು, ಐದು ನಿಮಿಷ ಕೆಂಪು ದೀಪದಡಿ ಬಿಟ್ಟು, ನಂತರ ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ದೀಪವನ್ನು ಬದಲಿಸಬೇಕು, ಇಲ್ಲವೇ ದೂರ ಸರಿಸಬೇಕು. ಫಿಲ್ಮಿಗಾದರೋ ಈ ರಿಯಾಯಿತಿಯೂ ಇಲ್ಲ. ಈಗಿನ ಸಾಮಾನ್ಯ ಫಿಲ್ಮು ಎಲ್ಲ ಬಣ್ಣಗಳಿಗೂ ಸ್ಪಂದಿಸುವುದರಿಂದ ಅದನ್ನು ಟ್ಯಾಂಕಿಗೆ ಸೇರಿಸುವ ಕೆಲಸ ಪೂರ್ಣ ಕತ್ತಲೆಯಲ್ಲೇ ನಡೆಯಬೇಕು.

ಇನ್ನು ಟ್ರೇಗಳ ಸರದಿ. ಮೊದಲನೆಯ ಡೆವಲಪರ್ ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಇದು ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬೇಸಿಗೆಯಲ್ಲಿ ತಣ್ಣೀರು ತುಂಬಿದ ದೊಡ್ಡ ಟ್ರೇಯೊಳಗೆ ಅದನ್ನಿಡುವುದು ಸುಲಭ ಉಪಾಯ. ಎರಡನೆಯದು ಆ ಕ್ರಿಯೆಯನ್ನು ನಿಲ್ಲಿಸುವ ತೆಳು ಅಸಿಟಿಕ್ ಆಮ್ಲ. ಮೂರನೆಯದು ಹೈಪೋ. ಈ ಲವಣ ಬೆಳ್ಳಿಯ ಸಂಯುಕ್ತಗಳನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪರಿಚಯವಾದಾಗ ಚಿತ್ರವನ್ನು ಸ್ಥಿರಗೊಳಿಸಲು ಅದೇ ನೆರವಿಗೆ ಬಂತು.

ಆದರೆ ಕಾಪಾಡಿದ ಹೈಪೋವೇ ಕಾಗದದಲ್ಲಿ ಉಳಿದುಕೊಂಡರೆ ಕೊಲ್ಲುತ್ತದೆ. ಅದರ ಗಂಧಕದ ಅಂಶ ವರ್ಷಗಳು ಕಳೆದಂತೆ ಬೆಳ್ಳಿಯನ್ನು ತಿನ್ನುತ್ತದೆ, ಚಿತ್ರ ಹಳದಿಯಾಗುತ್ತದೆ. ಪ್ಲಾಸ್ಟಿಕ್ ಲೇಪದ ಕಾಗದವನ್ನು ಕೆಲವೇ ನಿಮಿಷ ತೊಳೆದರೆ ಸಾಕು. ಹಳೆಯ ಮಾದರಿಯ ನಾರಿನ ಕಾಗದಕ್ಕೆ ಮಾತ್ರ ಸುಮಾರು ಒಂದು ಗಂಟೆ ಹೊಸ ನೀರು ಹಾಯಿಸುತ್ತಿರಬೇಕು. ಕೊಟ್ಟಿಗೆಯಲ್ಲಿ ನಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಹೈಪೋ ದಾಟಿದ ಚಿತ್ರವನ್ನು ಹೊರಗೆ ತಂದು ಬಾವಿಕಟ್ಟೆಯಲ್ಲೇ ತೊಳೆಯಬಹುದು. ಬಳಸಿದ ಹೈಪೋವನ್ನು ಮಾತ್ರ ಬಾವಿಯ ಹತ್ತಿರ ಚೆಲ್ಲಬೇಡಿ. ಅದರಲ್ಲಿ ಕರಗಿದ ಬೆಳ್ಳಿ ಇರುತ್ತದೆ. ಕ್ಯಾನಿನಲ್ಲಿ ತುಂಬಿಟ್ಟು ಬೆಳ್ಳಿ ಬೇರ್ಪಡಿಸುವವರಿಗೆ ಕೊಡುವುದು ಒಳ್ಳೆಯದು.

ಸ್ಕ್ಯಾನ್ ಮಾಡಿಟ್ಟರೆ ಸಾಲದೇ ಎಂದು ಕೇಳಬಹುದು. ಅದನ್ನೂ ಮಾಡಿ, ನೆಗೆಟಿವ್ ಉಳಿಯುವ ಭರವಸೆ ಯಾರಿಗೂ ಇಲ್ಲ. ಆದರೆ ಆಲ್ಬಮ್ಮಿನ ಆ ಸ್ವಚ್ಛ ಚಿತ್ರ ಇಷ್ಟು ವರ್ಷ ಬಾಳಿದ್ದು ಯಾವ ಯಂತ್ರದ ಹಂಗೂ ಇಲ್ಲದೆ. ಹೆಸರು ಗೊತ್ತಿಲ್ಲದ ಯಾರೋ ಒಬ್ಬರು, ಊಟದ ಹೊತ್ತು ಮೀರಿದರೂ ಆತುರಪಡದೆ, ಅದನ್ನು ಇನ್ನೊಂದಿಷ್ಟು ಹೊತ್ತು ನೀರಿನಲ್ಲಿ ಬಿಟ್ಟಿರಬೇಕು.