ತನ್ನನ್ನೇ ನಗೆಗೀಡು ಮಾಡಿಕೊಳ್ಳುವ ಹಾಡುಗಾರ: ಕೊಂಗುನಾಡಿನ ಅಣ್ಣನ್ಮಾರ್ ಕಥೆ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳನ್ನೊಳಗೊಂಡ ಕೊಂಗುನಾಡಿನಲ್ಲಿ ‘ಅಣ್ಣನ್ಮಾರ್ ಕಥೆ’ ಎಂಬ ತಮಿಳು ಮೌಖಿಕ ಮಹಾಕಾವ್ಯವು ಬಹುಕಾಲದಿಂದ ಹಾಡಿಕೆಯಲ್ಲಿದೆ. ಪೊನ್ನರ್, ಶಂಕರ್ ಎಂಬ ಅವಳಿ ಸಹೋದರರು ಮತ್ತು ಅವರ ತಂಗಿ ತಂಗಾಳ್ ಇದರ ಪ್ರಧಾನ ಪಾತ್ರಗಳು. ಡಮರುಗದ ಆಕಾರದ ಉಡುಕ್ಕೈ ನುಡಿಸುತ್ತ ಮುಖ್ಯ ಗಾಯಕನು ಹಲವು ರಾತ್ರಿಗಳವರೆಗೆ ಕಥೆಯನ್ನು ನಡೆಸುತ್ತಾನೆ. ಜತೆಗಿರುವ ಸಹಗಾಯಕನು ಸೊಲ್ಲು ಸೇರಿಸುತ್ತಾನೆ, ಹೂಂಗುಟ್ಟುತ್ತಾನೆ, ನಡುನಡುವೆ ಪ್ರಶ್ನೆ ಕೇಳುತ್ತಾನೆ. ಈ ಪ್ರಶ್ನೆಗಳಲ್ಲಿಯೇ ಆತ್ಮಪರಿಹಾಸಕ್ಕೆ ಎಡೆಯಿದೆ.

ಸಹಗಾಯಕನು ಏನೂ ತಿಳಿಯದವನಂತೆ, ಮರೆವಿನವನಂತೆ ನಟಿಸಬಹುದು. ನಿನ್ನೆ ರಾತ್ರಿ ಕಥೆ ಎಲ್ಲಿಗೆ ನಿಂತಿತೆಂದು ಅವನು ಪೆದ್ದನಂತೆ ಕೇಳಿದಾಗ ಸಭೆ ನಗುತ್ತದೆ. ಆ ನಗೆಯ ಮರೆಯಲ್ಲಿ ಹಿಂದಿನ ಕಥೆಯ ಸಾರಾಂಶ ಮತ್ತೊಮ್ಮೆ ಹೇಳಲ್ಪಡುತ್ತದೆ. ಹೊಸದಾಗಿ ಬಂದು ಕುಳಿತವನಿಗೆ ಅನುಕೂಲವಾಗುತ್ತದೆ. ಮುಖ್ಯ ಗಾಯಕನ ಕಂಠಕ್ಕೂ ವಿಶ್ರಾಂತಿ ದೊರೆಯುತ್ತದೆ. ಕೇಳುಗರ ಅಜ್ಞಾನವನ್ನು ಕಲಾವಿದನೇ ತನ್ನ ಮೇಲೆ ಹೊತ್ತುಕೊಳ್ಳುವುದರಿಂದ ಯಾರಿಗೂ ಮುಜುಗರವಾಗುವುದಿಲ್ಲ.

ತನ್ನನ್ನು ಕಿರಿದಾಗಿ ಕಾಣಿಸಿಕೊಳ್ಳುವ ಪದ್ಧತಿಯು ಲಿಖಿತ ಕಾವ್ಯಕ್ಕೂ ಹೊಸದಲ್ಲ. ಕನ್ನಡದಲ್ಲಿ ಕವಿವಿನಯವೆಂದು ಕರೆಯುವುದನ್ನು ತಮಿಳರು ‘ಅವೈಯಡಕ್ಕಂ’ ಎನ್ನುತ್ತಾರೆ. ಕಂಬನು ತನ್ನನ್ನು ಹಾಲ್ಗಡಲನ್ನು ನೆಕ್ಕಿ ಮುಗಿಸಹೊರಟ ಬೆಕ್ಕಿಗೆ ಹೋಲಿಸಿಕೊಂಡಿದ್ದಾನೆ. ಆದರೆ ಕವಿಯ ವಿನಯವು ಗ್ರಂಥಾರಂಭದಲ್ಲಿ ಒಮ್ಮೆ ಬಂದು ಮುಗಿಯುತ್ತದೆ. ಹಾಡುಗಾರನದು ಎದುರಿಗೆ ಕುಳಿತ ಜನರ ಮುಖ ನೋಡಿಕೊಂಡು ಆಯಾ ಗಳಿಗೆಯಲ್ಲಿ ಹುಟ್ಟುತ್ತದೆ. ಮೂಡಲಪಾಯದ ಕೋಡಂಗಿಯನ್ನೂ ಯಕ್ಷಗಾನದ ಹಾಸ್ಯಗಾರನನ್ನೂ ಬಲ್ಲ ಕನ್ನಡಿಗರಿಗೆ ಈ ಕ್ರಮ ಅಪರಿಚಿತವೆನಿಸದು.

ಈ ನಗೆಯ ಮಹತ್ತ್ವವು ಕಥೆಯ ಅಂತ್ಯದಲ್ಲಿ ಸ್ಪಷ್ಟವಾಗುತ್ತದೆ. ಅಣ್ಣಂದಿರು ಪ್ರಾಣ ಬಿಡುವ ‘ಪಡುಕಳಂ’ ಪ್ರಸಂಗದಲ್ಲಿ ಭಕ್ತರು ಆವೇಶಗೊಂಡು ಸತ್ತವರಂತೆ ಬೀಳುವುದೂ ಅವರನ್ನು ವಿಧಿಪೂರ್ವಕವಾಗಿ ಎಬ್ಬಿಸುವುದೂ ಉಂಟು. ಅಲ್ಲಿ ಹಾಡುಗಾರನ ಮಾತು ಕೇವಲ ರಂಜನೆಯಾಗಿ ಉಳಿಯುವುದಿಲ್ಲ. ದೈವಕ್ಕೆ ದನಿ ಕೊಡುವವನು ತಾನೇ ದೈವವೆಂದು ಭಾವಿಸದಿರಲು, ಜನರೂ ಹಾಗೆ ಭಾವಿಸದಿರಲು, ಹಿಂದಿನ ರಾತ್ರಿಗಳ ಆತ್ಮಪರಿಹಾಸವು ನೆರವಾಗುತ್ತದೆ.

ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಬ್ರೆಂಡಾ ಬೆಕ್ ಅವರು 1972ರಲ್ಲಿ ಪ್ರಕಟಿಸಿದ ಕೊಂಗುನಾಡಿನ ಸಮಾಜದ ಅಧ್ಯಯನವು ಬಲಗೈ–ಎಡಗೈ ವಿಭಾಗಗಳ ಸುತ್ತ ಹೆಣೆದ ಜಾತಿಶ್ರೇಣಿಯನ್ನು ವಿವರಿಸುತ್ತದೆ. ಇಂಥ ಶ್ರೇಣಿಯಲ್ಲಿ ಹಾಡುಗಾರನು ತನ್ನನ್ನು ಹಳಿದುಕೊಂಡರೆ, ಅದು ಅವನ ಸ್ವಂತ ಆಯ್ಕೆಯೋ ಉಳಿದವರು ಅವನಿಂದ ನಿರೀಕ್ಷಿಸುವ ತಗ್ಗುವಿಕೆಯೋ ಎಂದು ಕೇಳಬೇಕಾಗುತ್ತದೆ. ತನ್ನ ಮರೆವನ್ನೋ ಒಡೆದ ಕಂಠವನ್ನೋ ತಾನೇ ಗೇಲಿ ಮಾಡಿಕೊಳ್ಳುವವನ ಕೈಯಲ್ಲಿ ಸಭೆಯ ಲಗಾಮು ಇರುತ್ತದೆ. ಹುಟ್ಟನ್ನು ಕುರಿತು ನಗಬೇಕಾಗಿ ಬಂದಾಗ ಆ ಲಗಾಮು ಬೇರೆಯವರ ಕೈಗೆ ಹೋಗುತ್ತದೆ.

ಈ ವ್ಯತ್ಯಾಸವನ್ನು ಗುರುತಿಸಲು ಕೇವಲ ಪಠ್ಯ ಸಾಲದು. ಬೆಕ್ ಅವರು 1965ರಲ್ಲಿ ಕಾಂಗೇಯಂ ಬಳಿಯ ಓಲಪಾಳೆಯದಲ್ಲಿ ಈ ಕಥೆಯನ್ನು ಧ್ವನಿಮುದ್ರಿಸಿದರು. ಅಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಆ ಪ್ರದೇಶವು 2009ರಿಂದ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಅದೇ ಗಾಯಕನು ಬರೆಹಗಾರನಿಗೆ ಹೇಳಿ ಬರೆಸಿದ ಪಾಠವನ್ನೂ ಅವರು ಸಂಗ್ರಹಿಸಿದರು. ಹೇಳಿ ಬರೆಸುವಾಗ ಎದುರಿಗೆ ಸಭೆಯಿಲ್ಲ. ಪ್ರಶ್ನೆ ಕೇಳುವ ಪೆದ್ದನಿಗೆ ಅಲ್ಲಿ ಕೆಲಸವೂ ಇಲ್ಲ.

ಇದೇ ಜಿಲ್ಲೆಗಳ ದೇವಾಂಗರೇ ಮೊದಲಾದ ಸಮುದಾಯಗಳಲ್ಲಿ ಕನ್ನಡವು ಮನೆಮಾತಾಗಿ ಉಳಿದುಬಂದಿದೆ. ಅವರ ಹಾಡುಗಳನ್ನು ಸಂಗ್ರಹಿಸುವವರೂ ಈ ಅಂಶವನ್ನು ಗಮನಿಸಬೇಕು. ಹಾಡಿನ ಸಾಲುಗಳನ್ನು ಮಾತ್ರ ಬರೆದುಕೊಂಡು ನಡುವಣ ತಡವರಿಕೆ, ಕ್ಷಮಾಪಣೆ, ತನ್ನ ಕನ್ನಡವನ್ನು ಕುರಿತ ಹಾಡುಗಾರರ ಚೇಷ್ಟೆ ಇವನ್ನು ಅಳಿಸಿಹಾಕಿದರೆ ಹಾಡು ದಾಖಲೆಯಾಗಿ ಉಳಿಯಬಹುದು. ಹಾಡಿದ ವ್ಯಕ್ತಿ ಮತ್ತು ಆತನಿಗೂ ಸಭೆಗೂ ಇದ್ದ ಸಂಬಂಧ ಕಾಣದಾಗುತ್ತವೆ.